ಬಿಸಿ ಇದೆ, ಗಾಳಿ ಇಲ್ಲ

ಕೇಳುಗರಿಗೆ ನಮಸ್ಕಾರ.

ಪುನರ್ವಸು ಮಳೆ ಹಿಡಿದು ಒಂದು ವಾರ ಆಯಿತೆಂದರೆ ನನ್ನ ಫೋನಿಗೆ ಪುರುಸೊತ್ತಿಲ್ಲ. ತೀರ್ಥಹಳ್ಳಿ ಕಡೆ ವಾಷಿಂಗ್ ಮೆಷಿನ್, ಡ್ರೈಯರ್ ರಿಪೇರಿ ಮಾಡುವವನು ನಾನು. ಬೇಸಿಗೆಯಿಡೀ ಡ್ರೈಯರ್ ಹಳೇ ಬೆಡ್‌ಶೀಟ್ ಹೊದ್ದು ಮೂಲೆಯಲ್ಲಿ ಕೂತಿರುತ್ತದೆ, ಅದರ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟವರನ್ನೂ ಕಂಡಿದ್ದೇನೆ. ಮಳೆಗಾಲ ಬಂದಾಗ ಮಾತ್ರ ಅದೇ ಮನೆದೇವರು.

ನಾವು ಸಣ್ಣವರಿದ್ದಾಗ ಬಚ್ಚಲು ಒಲೆಯ ಮೇಲೆ ಬಿದಿರಿನ ಗಳ ಕಟ್ಟಿ ಬಟ್ಟೆ ಹರವುತ್ತಿದ್ದರು. ಶಾಲೆಯಲ್ಲಿ ಇಡೀ ಕ್ಲಾಸೇ ಹೊಗೆ ವಾಸನೆ. ಈಗ ಸುಮಾರು ಮನೆಗಳಲ್ಲಿ ಹಂಡೆ ಹೋಗಿ ಗೀಸರ್ ಬಂತು. ಒಲೆಯೇ ಇಲ್ಲದ ಮೇಲೆ ಮುಗ್ಗಲು ಹಿಡಿಯುವ ಬಟ್ಟೆಗೆ ಡ್ರೈಯರ್ ಬೇಕೇ ಬೇಕಾಯಿತು.

ಫೋನಿನಲ್ಲಿ ಬರುವ ದೂರು ಹೆಚ್ಚುಕಮ್ಮಿ ಒಂದೇ. "ಎರಡು ಸಲ ತಿರುಗಿಸಿದರೂ ಒಣಗ್ತಿಲ್ಲ ಮಾರಾಯ್ರೆ, ಹೀಟರ್ ಹೋಗಿದೆ, ಬರುವಾಗ ಒಂದು ಹೊಸದು ತನ್ನಿ." ನಾನು ವಾಪಸ್ ಕೇಳುವುದು ಒಂದೇ ಪ್ರಶ್ನೆ: "ಬಟ್ಟೆ ತೆಗೆದಾಗ ಬಿಸಿ ಇತ್ತಾ?" "ಬಿಸಿ ಇತ್ತಪ್ಪ, ಆದರೆ ಒದ್ದೆ." ಹಾಗಿದ್ದರೆ ಹೀಟರ್ ಚೆನ್ನಾಗಿಯೇ ಇದೆ. ಗಾಳಿ ಇಲ್ಲ.

ಡ್ರೈಯರ್ ಅಂದರೆ ಬಿಸಿ ಪೆಟ್ಟಿಗೆ ಅಂತ ನಾವು ತಿಳಿದಿದ್ದೇವೆ. ನನ್ನ ಲೆಕ್ಕದಲ್ಲಿ ಅದು ಗಾಳಿ ಯಂತ್ರ. 5 ಕಿಲೋ ಹತ್ತಿ ಬಟ್ಟೆ ಸ್ಪಿನ್ ಆಗಿ ಬಂದ ಮೇಲೂ ಅದರೊಳಗೆ ಸುಮಾರು 3 ಲೀಟರ್ ನೀರು ಉಳಿದಿರುತ್ತದೆ. ಆ ನೀರು ಆವಿಯಾದರೆ ಸಾಲದು, ಮನೆಯಿಂದ ಆಚೆ ಹೋಗಬೇಕು. ಕೋಣೆಯ ಗಾಳಿಯನ್ನು ಒಳಗೆಳೆದು, ಹೀಟರ್ ಮೇಲೆ ಹಾಯಿಸಿ, ತಿರುಗುವ ಡ್ರಮ್ಮಿನೊಳಗೆ ಬಟ್ಟೆಗಳ ನಡುವೆ ನುಗ್ಗಿಸಿ, ಜಾಲರಿಯಲ್ಲಿ ಸೋಸಿ, ಹಿಂದಿನ 4 ಇಂಚಿನ ಪೈಪಿನಿಂದ ಹೊರಗೆ ತಳ್ಳುವುದು ಒಂದು ಫ್ಯಾನ್. ಈ ದಾರಿ ಎಲ್ಲಿ ಕಟ್ಟಿದರೂ ಒಳಗಿನ ಹಬೆ ಒಳಗೇ ಸುತ್ತುತ್ತದೆ. ಹೀಟರಿನ ಶಾಖ ಮುಂದಕ್ಕೆ ಹೋಗದೆ ಅಲ್ಲೇ ನಿಲ್ಲುತ್ತದೆ. ಪಕ್ಕದಲ್ಲಿ ಕೂತ ಥರ್ಮೋಸ್ಟಾಟ್ "ಬಿಸಿ ಜಾಸ್ತಿಯಾಯಿತು" ಅಂತ ಹೀಟರನ್ನು ಆಫ್ ಮಾಡುತ್ತದೆ, ತಣಿದ ಮೇಲೆ ಆನ್ ಮಾಡುತ್ತದೆ, ಮತ್ತೆ ಆಫ್. ಡ್ರಮ್ ಎರಡು ಗಂಟೆ ತಿರುಗಿದ್ದು ನಿಜ, ಹೀಟರ್ ಕೆಲಸ ಮಾಡಿದ್ದು ಅದರಲ್ಲಿ ಎಷ್ಟೋ ಅಷ್ಟೇ.

ಹೋದ ವರ್ಷ ಒಂದು ಅಡಿಕೆ ತೋಟದ ಮನೆಗೆ ಹೋಗಿದ್ದೆ. ಎಪ್ಪತ್ತು ದಾಟಿದ ಅಮ್ಮ ಒಬ್ಬರು. ಮೆಷಿನ್ ಮುಂದೆ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದರು. ಜಾಲರಿ ತೆಗೆದು ನೋಡಿದೆ, ಕನ್ನಡಿಯ ಹಾಗೆ ಚೊಕ್ಕವಾಗಿತ್ತು. ಮೆಷಿನ್ನಿನ ಹಿಂದೆ ಪೈಪ್ ನೆಟ್ಟಗಿತ್ತು. ಕೊಡೆ ಹಿಡಿದು ಹಿತ್ತಿಲಿಗೆ ಹೋಗಿ ಗೋಡೆಯಾಚೆ ಪೈಪಿನ ಬಾಯಿ ನೋಡಿದರೆ, ಅಲ್ಲಿ ಬೂದು ಬಣ್ಣದ ಕಂಬಳಿ ತುಂಡೊಂದು ಅಂಟಿಕೊಂಡ ಹಾಗಿತ್ತು. ಉಗುರಿನಿಂದ ಕೆರೆದೆ. ಕೆಳಗೆ ಸೊಳ್ಳೆಪರದೆ! ಪೈಪಿನೊಳಗೆ ಹಲ್ಲಿ, ಬಾವಲಿ ಬರಬಾರದು ಅಂತ ಅಮ್ಮನೇ ಸೊಳ್ಳೆಪರದೆ ಕತ್ತರಿಸಿ, ಎರಡು ಪದರ ಮಡಿಸಿ, ತಂತಿಯಲ್ಲಿ ಬಿಗಿದಿದ್ದರು. ಬಟ್ಟೆಯಿಂದ ಉದುರುವ ನವುರಾದ ಎಳೆಗಳಿರುತ್ತವಲ್ಲ, ಕಂಪನಿಯವರು ಅದಕ್ಕೆ ಲಿಂಟ್ ಅನ್ನುತ್ತಾರೆ, ನಾವು ಜುಂಗು ಅನ್ನೋಣ. ಒಳಗಿನ ಜಾಲರಿ ಎಷ್ಟೇ ಹಿಡಿದರೂ ಸ್ವಲ್ಪ ಜುಂಗು ತಪ್ಪಿಸಿಕೊಂಡು ಹಬೆಯ ಜೊತೆ ಬರುತ್ತದೆ. ಒದ್ದೆ ಪರದೆಗೆ ಅಂಟಿ, ಒಂದರ ಮೇಲೊಂದು ಕೂತು, ಒಂದು ಮಳೆಗಾಲದಲ್ಲಿ ಕಂಬಳಿಯಾಗಿತ್ತು. ಅದನ್ನು ಕಿತ್ತದ್ದೇ ತಡ, ಬಿಸಿಗಾಳಿ ಭುಸ್ಸೆಂದು ಮುಖಕ್ಕೆ ಬಡಿದು ಕನ್ನಡಕ ಮಂಜಾಯಿತು. "ಹಾಗಾದ್ರೆ ಹಲ್ಲಿ ಏನು ಮಾಡೋದು?" ಅಂದರು ಅಮ್ಮ. ನ್ಯಾಯವಾದ ಪ್ರಶ್ನೆಯೇ. ಗಾಳಿ ಬಂದಾಗ ತಾನೇ ಎದ್ದು, ನಿಂತಾಗ ತಾನೇ ಬೀಳುವ ಹಗುರ ಮುಚ್ಚಳ ಸಿಗುತ್ತದೆ, ಅದನ್ನು ಹಾಕಿಕೊಟ್ಟೆ. ಪರದೆ, ಜಾಲರಿ, ಬಲೆ ಯಾವುದೂ ಪೈಪಿನ ಬಾಯಿಗೆ ಬೇಡ.

ನನ್ನನ್ನು ಕರೆಯುವ ಮೊದಲು ನೀವೇ ನೋಡಬಹುದಾದ ಪರೀಕ್ಷೆಯೂ ಇದೇ. ಡ್ರೈಯರ್ ಓಡುವಾಗ ಹೊರಗೆ ಹೋಗಿ ಪೈಪಿನ ಬಾಯಿಗೆ ಕೈ ಒಡ್ಡಿ. ಅಂಗೈಗೆ ಬಿಸಿಗಾಳಿ ಚೆನ್ನಾಗಿ ಹೊಡೆಯಬೇಕು. ಉಸಿರು ಬಿಟ್ಟ ಹಾಗೆ ಬಂದರೆ ಎಲ್ಲೋ ಕಟ್ಟಿದೆ. ಎಲ್ಲಿ ಅಂತ ತಿಳಿಯಲು ಮೆಷಿನ್ ಆಫ್ ಮಾಡಿ, ಪ್ಲಗ್ ಕಿತ್ತು, ಹಿಂದಿನ ಪೈಪ್ ಕಳಚಿ. ಮತ್ತೆ ಪ್ಲಗ್ ಹಾಕಿ ಹತ್ತು ನಿಮಿಷ ಹಾಗೇ ಓಡಿಸಿ. ಈಗ ಮೆಷಿನ್ನಿನ ಬೆನ್ನಿಂದ ಗಾಳಿ ಜೋರಾಗಿ ಬಂದರೆ ತಪ್ಪು ಪೈಪಿನದು. ಆಗಲೂ ಸುಸ್ತಾಗಿ ಬಂದರೆ ತಪ್ಪು ಮೆಷಿನ್ನಿನ ಒಳಗೆ.

ಪೈಪಿನ ತಪ್ಪುಗಳಲ್ಲಿ ಮೊದಲನೆಯದು ನಾವೇ ಮಾಡುವುದು. ಕಸ ಗುಡಿಸಿ ಮೆಷಿನ್ನನ್ನು ಸೊಂಟದಿಂದ ಗೋಡೆಗೆ ಒತ್ತುತ್ತೇವೆ, ಹಿಂದೆ ಪೈಪ್ ಅಪ್ಪಚ್ಚಿ. ಇನ್ನೊಂದು, ಉದ್ದ ಜಾಸ್ತಿಯಾದ ಪೈಪ್ ಜೋಕಾಲಿಯಂತೆ ಜೋತು ಬಿದ್ದಿರುತ್ತದೆ. ಹಬೆ ಆ ತಗ್ಗಿನಲ್ಲಿ ನೀರಾಗಿ ನಿಲ್ಲುತ್ತದೆ, ನೀರಿಗೆ ಜುಂಗು ಸೇರಿ ಗಂಜಿಯಾಗುತ್ತದೆ. ಮೂರನೆಯದು ಗಾರೆಯವರ ಕೃಪೆ. ಗೋಡೆಯಲ್ಲಿ 2 ಇಂಚಿನ ಪಿವಿಸಿ ಇಟ್ಟು, 4 ಇಂಚಿನ ಪೈಪನ್ನು ಅದಕ್ಕೆ ಟೇಪ್ ಸುತ್ತಿ ಸೇರಿಸುತ್ತಾರೆ. 4 ಇಂಚು 2 ಇಂಚಾದರೆ ದಾರಿ ಅರ್ಧವಾಗುವುದಿಲ್ಲ ಸ್ವಾಮಿ, ಕಾಲು ಭಾಗಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಖಾಲಿ ಇದ್ದ ಪೈಪಿನಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿದ್ದನ್ನೂ ಒಡೆದಿದ್ದೇನೆ.

ಹೊರಗೆ ಹೋದಷ್ಟು ಗಾಳಿ ಒಳಗೂ ಬರಬೇಕಲ್ಲ, ಇದನ್ನು ತುಂಬಾ ಜನ ಮರೆಯುತ್ತಾರೆ. ಸಣ್ಣ ಬಚ್ಚಲಿನಲ್ಲಿ ಮೆಷಿನ್ ಇಟ್ಟು, ಸದ್ದು ಅಂತ ಬಾಗಿಲು ಗಟ್ಟಿಯಾಗಿ ಹಾಕಿದರೆ ಪಾಪ ಅದು ಎಲ್ಲಿಂದ ಉಸಿರೆಳೆಯಬೇಕು? ಒಂದು ಕಿಟಕಿ ತೆರೆದಿಡಿ. "ಹೊರಗೆ ಇಷ್ಟು ತಂಡಿ, ಆ ಗಾಳಿಯಲ್ಲಿ ಒಣಗುತ್ತಾ?" ಅಂದರೆ, ಒಣಗುತ್ತದೆ. ಮಳೆಗಾಲದ ಗಾಳಿಯೂ ಬಿಸಿ ಮಾಡಿದರೆ ಬಟ್ಟೆಯ ನೀರು ಹೀರಿಕೊಳ್ಳುತ್ತದೆ.

ಜಾಲರಿಯ ವಿಷಯ ಎಲ್ಲರಿಗೂ ಗೊತ್ತು: ಪ್ರತಿ ಸಲವೂ ಜುಂಗು ತೆಗೆಯಬೇಕು. ಗೊತ್ತಿಲ್ಲದ್ದು, ಜುಂಗೇ ಇಲ್ಲದಿದ್ದರೂ ಜಾಲರಿ ಕಟ್ಟಿರಬಹುದು ಎನ್ನುವುದು. ಘಮ ಬರಲಿ, ಮೆತ್ತಗಾಗಲಿ ಅಂತ ಬಟ್ಟೆಗೆ ಕಂಡಿಷನರ್ ಹಾಕುತ್ತೀರಲ್ಲ, ಅದರ ಜಿಡ್ಡು ಕಣ್ಣಿಗೆ ಕಾಣದ ಪೊರೆಯಾಗಿ ಕೂರುತ್ತದೆ. ಜಾಲರಿಯನ್ನು ನಲ್ಲಿಯ ಕೆಳಗೆ ಹಿಡಿಯಿರಿ. ನೀರು ಸರಾಗ ಇಳಿದರೆ ಸರಿ, ಕೆಸುವಿನ ಎಲೆ ಮೇಲಿನ ಹಾಗೆ ಮೇಲೇ ನಿಂತರೆ ಹಳೇ ಟೂತ್‌ಬ್ರಷ್, ಸೋಪು, ಬಿಸಿನೀರು. ಪೂರ್ತಿ ಒಣಗಿಸಿಯೇ ವಾಪಸ್ ಹಾಕಿ. ಪೈಪೇ ಇಲ್ಲದ, ನೀರನ್ನು ಡಬ್ಬಿಗೆ ಇಳಿಸುವ ಕಂಡೆನ್ಸರ್ ಡ್ರೈಯರ್ ನಿಮ್ಮದಾದರೆ, ಕೆಳಗೆ ಎಳೆದು ತೆಗೆಯುವ ಒಂದು ಬ್ಲಾಕ್ ಇರುತ್ತದೆ, ಅದನ್ನೂ ನಲ್ಲಿಯಡಿ ತೊಳೆಯಬೇಕು.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಹೊಸತರಲ್ಲಿ ಒಂದು ಹೋಂಸ್ಟೇಯಲ್ಲಿ ಡ್ರೈಯರಿನ ಥರ್ಮಲ್ ಫ್ಯೂಸ್, ಅಂದರೆ ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿದುಬಿಡುವ ಫ್ಯೂಸ್, ಹಾರಿತ್ತು. ಬದಲಾಯಿಸಿ ದುಡ್ಡು ತೆಗೆದುಕೊಂಡು ಬಂದೆ. ಮೂರು ವಾರಕ್ಕೆ ಮತ್ತೆ ಹಾರಿತು, ಮತ್ತೆ ಹಾಕಿದೆ. ಮೂರನೇ ಸಲ ಯಜಮಾನರು "ಏನ್ರೀ, ನೀವು ತರೋದು ಡೂಪ್ಲಿಕೇಟಾ?" ಅಂದುಬಿಟ್ಟರು. ಅವಮಾನಕ್ಕೆ ಇಡೀ ಮೆಷಿನ್ ಬಿಚ್ಚಿದೆ. ಡ್ರಮ್ಮಿನ ಕೆಳಗೆ, ಫ್ಯಾನಿನ ಸುತ್ತ, ಟರ್ಕಿ ಟವೆಲ್ಲುಗಳ ಜುಂಗು ಹಾಸಿಗೆ ಹಾಸಿದಂತಿತ್ತು. ಒಂದು ದಿಂಬಿನ ಕವರ್ ತುಂಬಿತು. ಅಂಗಳದಲ್ಲಿ ಒಂದು ಚಿಟಿಕೆಗೆ ಕಡ್ಡಿ ಗೀರಿ ತೋರಿಸಿದೆ, ಭಗ್ಗೆಂದು ಹೊತ್ತಿ ಮಾಯ. ಯಜಮಾನರ ಬಾಯಿ ಕಟ್ಟಿತು, ನನ್ನದೂ. ಫ್ಯೂಸ್ ಹಾರುವುದು ರೋಗವಲ್ಲ, ಅದು ಕೂಗಿ ಹೇಳುವ ದೂರು. ಅದನ್ನು ತಂತಿಯಿಂದ ನೇರ ಸೇರಿಸಿ "ಆಯ್ತು ಸಾರ್" ಅನ್ನುವ ಮೆಕ್ಯಾನಿಕ್ಕುಗಳೂ ಇದ್ದಾರೆ. ಅಂಥವರನ್ನು ಮನೆಗೆ ಸೇರಿಸಬೇಡಿ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗುವ ಅಮ್ಮಂದಿರಿಗೂ ಇದು ಬೇಕು. ಅಲ್ಲಿ ಮನೆಮನೆಗೂ ಡ್ರೈಯರ್, ಹೆಚ್ಚಿನ ಮನೆಗಳು ಮರದವು. ಅಲ್ಲಿನ ಸರ್ಕಾರದ ಅಗ್ನಿಶಾಮಕ ವಿಭಾಗ 2008ರಿಂದ 2010ರವರೆಗೆ ಹಾಕಿದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 2,900 ಮನೆಗಳಲ್ಲಿ ಡ್ರೈಯರಿನಿಂದ ಬೆಂಕಿ, ದೊಡ್ಡ ಕಾರಣ ಶುಚಿ ಮಾಡದೆ ಬಿಟ್ಟದ್ದು. ಅಲ್ಲಿ ಬಹಳ ಕಡೆ ಪಾಲಿಸುವ ಕಟ್ಟಡದ ನಿಯಮದಲ್ಲಿ ಡ್ರೈಯರ್ ಪೈಪ್ ಸಾಮಾನ್ಯವಾಗಿ 35 ಅಡಿ ಮೀರಬಾರದು, ಒಂದೊಂದು 90 ಡಿಗ್ರಿ ತಿರುವಿಗೂ 5 ಅಡಿ ಕಳೆಯಬೇಕು. ಬಾಯಿಗೆ ಜಾಲರಿ ಅಲ್ಲೂ ನಿಷಿದ್ಧ. ನಮ್ಮ ತೋಟದಮನೆ ಅಮ್ಮನಿಗೆ ಇದನ್ನು ಹೇಳಿದಾಗ "ಅಲ್ಲೂ ಹಲ್ಲಿ ಇದೆಯಾ?" ಅಂದರು.

ಎಲ್ಲ ತಪ್ಪನ್ನೂ ಗಾಳಿಯ ತಲೆಗೆ ಕಟ್ಟುವುದೂ ಸರಿಯಲ್ಲ. ಬಟ್ಟೆ ಸರಿಯಾಗಿ ಬಿಸಿ ಆಗದಿದ್ದರೆ ವೋಲ್ಟೇಜ್ ನೋಡಿ. 230 ಇರಬೇಕಾದ್ದು 180ಕ್ಕೆ ಇಳಿದರೆ ಹೀಟರ್ ಕೊಡುವ ಶಾಖ ಸುಮಾರು ನೂರಕ್ಕೆ ಅರವತ್ತಕ್ಕೆ ಕುಸಿಯುತ್ತದೆ. ಅದಕ್ಕೆ ನಾನು ಬಂದು ಪ್ರಯೋಜನವಿಲ್ಲ, ಲೈನ್‌ಮನ್ ಬರಬೇಕು. ಎಣ್ಣೆ ಸ್ನಾನದ ಟವೆಲ್, ಅಡಿಗೆಮನೆಯ ಜಿಡ್ಡು ಬಟ್ಟೆ ಡ್ರೈಯರಿಗೆ ಹಾಕಲೇಬೇಡಿ. ತೊಳೆದರೂ ಉಳಿದ ಎಣ್ಣೆ ಬಿಸಿಗೆ ತಾನಾಗಿ ಕಾದು ಹೊತ್ತಿಕೊಳ್ಳಬಹುದು.

ಇನ್ನು ನಮ್ಮ ಕಡೆಯ ಕರೆಂಟ್. ಡ್ರೈಯರ್ ಕೊನೆಯ ಹತ್ತು ನಿಮಿಷ ಹೀಟರ್ ಆರಿಸಿ, ಬರೀ ಗಾಳಿ ಹಾಯಿಸಿ ಬಟ್ಟೆ ತಣಿಸುತ್ತದೆ. ನಡುವೆ ಕರೆಂಟ್ ಹೋದರೆ ಫ್ಯಾನ್ ನಿಂತು, ಕಾದ ಬಟ್ಟೆ ಗುಡ್ಡೆಯಾಗಿ ಒಳಗೇ ಬೇಯುತ್ತದೆ. ಸುಟ್ಟ ವಾಸನೆ ಇದ್ದರೆ ಬಾಗಿಲು ತೆಗೆಯಬೇಡಿ, ಪ್ಲಗ್ ಕಿತ್ತು ದೂರ ನಿಂತು ಸಹಾಯಕ್ಕೆ ಕರೆಯಿರಿ. ವಾಸನೆ ಇಲ್ಲದಿದ್ದರೆ ಕೂಡಲೇ ಬಾಗಿಲು ತೆಗೆದು ಬಟ್ಟೆ ಒಂದೊಂದಾಗಿ ಹೊರಗೆ ಹರವಿ. ಮೇಣದಬತ್ತಿ ಹುಡುಕುವುದು ಆಮೇಲೆ.

ನಮಸ್ಕಾರ.