ಯಾರು ಅಸಮರ್ಥರು? ಕ್ವಾಪಾ ಜನರ ಕತೆ

ನಮಸ್ಕಾರ. ಅಮೆರಿಕದ ಒಂದು ರಾಜ್ಯದ ಹೆಸರನ್ನು ನಾವು ಕನ್ನಡದಲ್ಲಿ 'ಅರ್ಕಾನ್ಸಾಸ್' ಅಂತ ಬರೆಯುತ್ತೇವೆ, ಹಾಗೇ ಓದುತ್ತೇವೆ. ಆದರೆ ಅಲ್ಲಿಯವರು ಕೊನೆಯ 'ಸ್' ಹೇಳುವುದೇ ಇಲ್ಲ. ಈ ಜಗಳ ಎಷ್ಟು ಜೋರಾಗಿತ್ತು ಅಂದರೆ, 1881ರಲ್ಲಿ ಅಲ್ಲಿನ ಶಾಸನಸಭೆ ಕೂತು ಉಚ್ಚಾರಣೆಗೇ ಒಂದು ನಿರ್ಣಯ ಮಾಡಬೇಕಾಯಿತು. ತಮಾಷೆ ಏನು ಗೊತ್ತಾ? ಅದು ಯಾರ ಹೆಸರೋ, ಆ ಜನರನ್ನು ಅಷ್ಟು ಹೊತ್ತಿಗೆ ರಾಜ್ಯದಿಂದಲೇ ಓಡಿಸಿ ಆಗಿತ್ತು.

ಅವರು ಕ್ವಾಪಾ ಜನ, ಅಮೆರಿಕದ ಮೂಲನಿವಾಸಿಗಳ ಒಂದು ಬುಡಕಟ್ಟು. ತಮ್ಮನ್ನು ತಾವು ಕರೆದುಕೊಳ್ಳುವುದು 'ಉಗಾಖ್ಪಾ' ಅಂತ, ಅಂದರೆ ಹೊಳೆಯ ಇಳಿಜಾರಿನ ಕಡೆಗೆ ಹೋದವರು. ಬಹಳ ಹಿಂದೆ ಐದು ಬಳಗಗಳು ಒಟ್ಟಿಗೆ ಓಹಾಯೋ ನದಿಗುಂಟ ಬಂದವಂತೆ, ಮಿಸಿಸಿಪ್ಪಿ ಸಿಕ್ಕಿದ ಮೇಲೆ ಇವರು ಕೆಳಕ್ಕೆ ತಿರುಗಿದರಂತೆ, ಒಮಾಹಾ ಜನ ಮೇಲಕ್ಕೆ ಹೋದರಂತೆ. 'ಅಕಾನ್ಸಾ' ಅನ್ನುವುದು ಇಲಿನಾಯ್ ಎಂಬ ಇನ್ನೊಂದು ಬುಡಕಟ್ಟಿನ ಜನ ಇವರಿಗೆ ಇಟ್ಟ ಹೆಸರು. ಫ್ರೆಂಚರ ಕಿವಿಗೆ ಬಿದ್ದದ್ದು ಅದೇ.

1673ರಲ್ಲಿ ಮಾರ್ಕೆಟ್ ಎಂಬ ಪಾದ್ರಿ ಇವರ ಊರಿಗೆ ಬಂದಾಗ ಕಂಡದ್ದನ್ನು ಬರೆದಿಟ್ಟಿದ್ದಾನೆ. ಒಂದೇ ಹೊತ್ತಿನಲ್ಲಿ ಒಂದು ಕಡೆ ಬಲಿತ ಜೋಳ, ಇನ್ನೊಂದು ಕಡೆ ಹಾಲು ತುಂಬಿದ ಎಳೆ ತೆನೆ, ಮತ್ತೊಂದು ಕಡೆ ಆಗಷ್ಟೇ ಮೊಳಕೆ. ಮುಸುಕಿನ ಜೋಳ ಸ್ವಾಮಿ, ನಮ್ಮ ರೊಟ್ಟಿಯ ಜೋಳ ಅಲ್ಲ. ಅದನ್ನು ಬೇಯಿಸುವುದು ದೊಡ್ಡ ದೊಡ್ಡ ಮಣ್ಣಿನ ಗಡಿಗೆಗಳಲ್ಲಿ, ಬಹಳ ಚೆನ್ನಾಗಿ ಮಾಡಿದ ಗಡಿಗೆಗಳು ಅಂತ ಅವನೇ ಹೊಗಳಿದ್ದಾನೆ. ಹೊಲ ಹೆಂಗಸರದ್ದು, ಬೇಟೆ ಗಂಡಸರದ್ದು. ಉದ್ದನೆಯ ಮನೆಗಳಿಗೆ ಮರದ ತೊಗಟೆಯೇ ಹೊದಿಕೆ, ಒಂದೊಂದರಲ್ಲಿ ಹಲವು ಸಂಸಾರ. ಪ್ಯಾರಿಸ್ಸಿನ ಕೆ ಬ್ರಾನ್ಲಿ ಮ್ಯೂಸಿಯಮ್ಮಿನಲ್ಲಿ 18ನೇ ಶತಮಾನದ ಒಂದು ಚರ್ಮ ಇದೆ. ಅದರ ಮೇಲೆ ಇವರ ಹಳ್ಳಿಗಳು, ಕುಣಿಯುವವರು, ಸೂರ್ಯ, ಚಂದ್ರ, ಒಂದು ಯುದ್ಧ, ಜೊತೆಗೆ ಫ್ರೆಂಚರ ಮನೆಗಳು ಕೂಡ. ಫ್ರೆಂಚರೂ ತಮ್ಮ ನೆರೆಯವರೇ ಅನ್ನುವ ಹಾಗೆ ಬರೆದಿದ್ದಾರೆ.

ಆಮೇಲೆ ಸಿಡುಬು ಬಂತು. 1698ರ ಹೊತ್ತಿಗೆ ಊರಿಗೆ ಊರೇ ಖಾಲಿ. ಉಳಿದವರ ಹತ್ತಿರ ಅಮೆರಿಕ ಸರ್ಕಾರ 1818ರಲ್ಲಿ ಕೋಟಿಗಟ್ಟಲೆ ಎಕರೆ ಬರೆಸಿಕೊಂಡಿತು. ಕೊಟ್ಟದ್ದು 4,000 ಡಾಲರಿನ ಸಾಮಾನು, ಮೇಲೆ ವರ್ಷಕ್ಕೆ 1,000 ಡಾಲರಿನದು. ಆರೇ ವರ್ಷಕ್ಕೆ, 1824ರಲ್ಲಿ, ಉಳಿಸಿಕೊಂಡಿದ್ದ ಚೂರೂ ಹೋಯಿತು, ಹತ್ತಿ ಬೆಳೆಯುವವರಿಗೆ ಅದು ಬೇಕಿತ್ತು. ಹೆಕಾಟನ್ ಎಂಬ ಮುಖ್ಯಸ್ಥ ತನ್ನ ಜನರನ್ನು ಕರೆದುಕೊಂಡು ಲೂಯಿಸಿಯಾನಾದ ರೆಡ್ ರಿವರ್ ಕಡೆ ಹೋದ. ಅಲ್ಲಿ ನದಿ ಉಕ್ಕಿ ಬಿತ್ತಿದ ಬೆಳೆಯೆಲ್ಲ ಕೊಚ್ಚಿಕೊಂಡು ಹೋಯಿತು, ಸುಮಾರು 60 ಜನ ಹಸಿವಿನಿಂದ ಸತ್ತರು. ಸರಾಸಿನ್ ಎಂಬ ಇನ್ನೊಬ್ಬ ಮುಖ್ಯಸ್ಥ ಕೆಲವರನ್ನು ಕಟ್ಟಿಕೊಂಡು ವಾಪಸ್ ಹೊರಟುಬಿಟ್ಟ. ಎಲ್ಲಿಗೆ? ತಮ್ಮದೇ ಹಳೆಯ ನೆಲಕ್ಕೆ, ಈಗ ಬೇರೆಯವರ ಹೊಲಕ್ಕೆ. 1833ರ ಇನ್ನೊಂದು ಒಪ್ಪಂದದಲ್ಲಿ ಅಲ್ಲಿಂದಲೂ ಎಬ್ಬಿಸಿ ಈಗಿನ ಓಕ್ಲಹೋಮಾದ ಮೂಲೆಗೆ ತಳ್ಳಿದರು.

ಇಷ್ಟು ಹೇಳಿ 'ಅಯ್ಯೋ ಪಾಪ' ಅಂತ ನಿಲ್ಲಿಸುವವರೇ ಜಾಸ್ತಿ. ನನಗೆ ಸಿಟ್ಟು ಬರುವುದು ಅಲ್ಲೇ. ಇವರು ಸುಮ್ನೆ ಅಳುತ್ತಾ ಕೂತವರಲ್ಲ. ಸರ್ಕಾರ ಬುಡಕಟ್ಟುಗಳ ಭೂಮಿಯನ್ನು ತುಂಡು ಮಾಡಿ ಹಂಚಿ, ಮಿಕ್ಕಿದ್ದನ್ನು ಬಿಳಿಯರಿಗೆ ಬಿಡುತ್ತಿದ್ದ ಕಾಲ ಅದು. ಕ್ವಾಪಾ ಜನ 1893ರಲ್ಲಿ ಅಧಿಕಾರಿಗಳಿಗೆ ಕಾಯದೆ ತಾವೇ ಸಭೆ ಸೇರಿ ಒಬ್ಬೊಬ್ಬರಿಗೆ 200 ಎಕರೆ ಹಂಚಿಕೊಂಡುಬಿಟ್ಟರು. ಮಿಕ್ಕಿದರೆ ತಾನೇ ಬೇರೆಯವರಿಗೆ ಹೋಗುವುದು? ಎರಡು ವರ್ಷ ಬಿಟ್ಟು ಸಂಸತ್ತು ಅದನ್ನು ಒಪ್ಪಲೇಬೇಕಾಯಿತು.

ಆ ನೆಲದಡಿ ಸೀಸ ಮತ್ತು ಸತು ಸಿಕ್ಕಿತು. ತಕ್ಷಣ ವರಸೆ ಬದಲಾಯಿತು. ಅದೇ ಸರ್ಕಾರ ಅನೇಕ ಮಾಲೀಕರನ್ನು 'ಅಸಮರ್ಥರು' ಅಂತ ಘೋಷಿಸಿ, ಗಣಿ ಗುತ್ತಿಗೆಯನ್ನು ತಾನೇ ನೋಡಿಕೊಂಡಿತು. ಮೊದಲ ಮಹಾಯುದ್ಧದ ಗುಂಡುಗಳಿಗೆ ಇಲ್ಲಿನ ಸೀಸ ಹೋಯಿತು. ಗಣಿ ಮುಚ್ಚಿದ ಮೇಲೆ ಉಳಿದದ್ದು ಗುಡ್ಡದಂಥ ವಿಷದ ಜಲ್ಲಿ ರಾಶಿ, ಅಲ್ಲಿ ಅದಕ್ಕೆ 'ಚ್ಯಾಟ್' ಅನ್ನುತ್ತಾರೆ. ಮಕ್ಕಳು ಅದರ ಮೇಲೆ ಜಾರುಬಂಡೆ ಆಡುತ್ತಿದ್ದರು, ಅವರ ರಕ್ತದಲ್ಲಿ ಸೀಸ ಸಿಕ್ಕಿತು. ಟಾರ್ ಕ್ರೀಕ್ ಎಂಬ ಹಳ್ಳದ ನೀರು ಕಿತ್ತಳೆ ಬಣ್ಣಕ್ಕೆ ತಿರುಗಿತು. ಪಿಚರ್ ಎಂಬ ಗಣಿ ಪಟ್ಟಣ 2009ರಲ್ಲಿ ಬಾಗಿಲು ಹಾಕಿತು.

ಈಗ ಹೇಳಿ, ಅಸಮರ್ಥರು ಯಾರು? 1983ರಿಂದ ಸರ್ಕಾರದ ಶುದ್ಧೀಕರಣ ಪಟ್ಟಿಯಲ್ಲಿರುವ ಈ ಜಾಗದಲ್ಲಿ, 'ಕ್ಯಾಥೊಲಿಕ್ ಫಾರ್ಟಿ' ಎಂಬ 40 ಎಕರೆ ಇದೆ, ಹಿಂದೆ ಅಲ್ಲಿ ಚರ್ಚು, ಶಾಲೆ ಇತ್ತು. ಅದನ್ನು ಶುದ್ಧ ಮಾಡುವ ಕೆಲಸವನ್ನು ಕ್ವಾಪಾ ಜನರೇ ವಹಿಸಿಕೊಂಡರು. ದೇಶದಲ್ಲಿ ಇಂಥ ಕೆಲಸವನ್ನು ಒಂದು ಬುಡಕಟ್ಟು ತಾನೇ ಮುಂದೆ ನಿಂತು ಮಾಡಿದ್ದು ಅದೇ ಮೊದಲು. 2013ರ ಕೊನೆಯಲ್ಲಿ ಅವರ ಲಾರಿಗಳು ಬಂದು, ಆ ಚ್ಯಾಟನ್ನು ಲೋಡಿನ ಮೇಲೆ ಲೋಡು ಹೊತ್ತುಕೊಂಡು ಹೋದವು.