ಪಿಯುಸಿ ಅಂಕದ ಅರ್ಧ ಪಾಲು

ಕೇಳುಗರಿಗೆ ನಮಸ್ಕಾರ.

ನಾನು ಕೋಲಾರದಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಡಿಸೆಂಬರ್ ಬಂತೆಂದರೆ ಒಂದೇ ಪ್ರಶ್ನೆ. "ಸರ್, ಬೋರ್ಡ್ ಪರೀಕ್ಷೆ ಪಾಸಾದರೆ ಸಾಕಲ್ವಾ? ಸಿಇಟಿಗೆ ಓದ್ಕೊಳ್ತೀವಿ." ಸಾಕಾಗಲ್ಲ ಮಕ್ಕಳೇ. ಪೆನ್ನು ಹಿಡಿದುಕೊಳ್ಳಿ, ಲೆಕ್ಕ ಹಾಕೋಣ.

ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಸಿಇಟಿ, ಅಂದರೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ ಅಂಕ ಅರ್ಧ. ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಇನ್ನರ್ಧ. ಒಬ್ಬ ಹುಡುಗಿಗೆ ಸಿಇಟಿಯಲ್ಲಿ 180ಕ್ಕೆ 90 ಬಂತು ಅಂದುಕೊಳ್ಳಿ. ಶೇಕಡಾ 50. ಪಿಯುಸಿಯ ಈ ಮೂರು ವಿಷಯದಲ್ಲಿ 300ಕ್ಕೆ 210. ಶೇಕಡಾ 70. ಎರಡರ ಸರಾಸರಿ 60. ಅವಳೇ ಪಿಯುಸಿಯಲ್ಲಿ 255 ತೆಗೆದಿದ್ದರೆ? ಸರಾಸರಿ 67.5. ಆ ಏಳೂವರೆಯನ್ನು ಸಿಇಟಿಯಿಂದಲೇ ತರಬೇಕಾದರೆ ಪ್ರಶ್ನೆಗೊಂದು ಅಂಕದಂತೆ ಇನ್ನೂ 27 ಪ್ರಶ್ನೆ ಸರಿ ಮಾಡಬೇಕು! ಇಷ್ಟರ ನಡುವೆ ಸಾವಿರಾರು ಮಕ್ಕಳು ನಿಂತಿರುತ್ತಾರೆ.

ನಮ್ಮ ಕಡೆಯ ಮಕ್ಕಳನ್ನು ನೆನೆದೇ ಇದನ್ನು ಹೇಳುತ್ತಿದ್ದೇನೆ. ಬೆಳಗ್ಗೆ ಹಸು ಕರೆದು, ಡೇರಿಗೆ ಹಾಲು ಹಾಕಿ, ಶ್ರೀನಿವಾಸಪುರದಿಂದಲೋ ಮುಳಬಾಗಿಲಿನಿಂದಲೋ ಬಸ್ಸು ಹಿಡಿದು ಬರುತ್ತಾರೆ. ಟೊಮೆಟೊ ಬೆಲೆ ಬಿದ್ದ ವರ್ಷ ಕೋಚಿಂಗ್ ಫೀಸು ಎಲ್ಲಿಂದ ತರೋದು? ಪಿಯುಸಿ ಅಂಕಕ್ಕೆ ಪಠ್ಯಪುಸ್ತಕ, ಹಳೇ ಪ್ರಶ್ನೆಪತ್ರಿಕೆ ಇದ್ದರೂ ದಾರಿಯಿದೆ. ಹಳ್ಳಿಯಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಾತಿ ಇದೆ, ನಿಜ. ಅದರೊಳಗೂ ಸೀಟು ಹಂಚುವುದು ರ‍್ಯಾಂಕಿನ ಮೇಲೆಯೇ.

ವೈದ್ಯಕೀಯದ್ದು ಬೇರೆ. ಅಲ್ಲಿ ರ‍್ಯಾಂಕು ನೀಟ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯಿಂದ ಬರುತ್ತದೆ; ಪಿಯುಸಿ ಅಂಕ ಅರ್ಹತೆಗೆ ಮಾತ್ರ.

ಈಗ ಅಪ್ಪ ಅಮ್ಮಂದಿರಿಗೆ ಒಂದು ಮಾತು. ದ್ವಿತೀಯ ಪಿಯುಸಿಯ ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಮಕ್ಕಳನ್ನು ಬೈಯಬೇಡಿ. 2024ರಿಂದ ಪಾಸಾದವರೂ ಅದೇ ವರ್ಷ ಮತ್ತೆ ಬರೆಯಬಹುದು. ಯಾವುದರಲ್ಲಿ ಜಾಸ್ತಿ ಬಂತೋ ಆ ಅಂಕವೇ ಉಳಿಯುತ್ತದೆ. ಎರಡನೇ ಪರೀಕ್ಷೆ ಬರುವುದು ತೋಟದಲ್ಲಿ ಮಾವು ಬಲಿಯುವ ಹೊತ್ತಿಗೆ. ಆ ಎರಡು ಮೂರು ವಾರ ಮಕ್ಕಳನ್ನು ತೋಟದ ಕೆಲಸಕ್ಕೆ ಕರೆಯಬೇಡಿ, ದಯವಿಟ್ಟು.

ಅಂಕ ಯಾಕೋ ಕಡಿಮೆ ಅನ್ನಿಸಿದರೆ ಮೊದಲು ಉತ್ತರಪತ್ರಿಕೆಯ ನಕಲು ಪ್ರತಿ ತರಿಸಿ, ವಿಷಯದ ಮೇಷ್ಟ್ರಿಗೆ ತೋರಿಸಿ. ಆಮೇಲೆ ಮರುಮೌಲ್ಯಮಾಪನಕ್ಕೆ ಹಾಕಿ. ಅರ್ಜಿಗೆ ಕೆಲವೇ ದಿನ ಸಮಯ ಕೊಡುತ್ತಾರೆ. ಫಲಿತಾಂಶ ಬಂದ ಮರುದಿನವೇ ಕಾಲೇಜಿನ ಆಫೀಸಿಗೆ ಹೋಗಿ ಕೊನೇ ದಿನಾಂಕ ಕೇಳಿ, ಬರೆದುಕೊಂಡು ಬನ್ನಿ.

ನಮಸ್ಕಾರ.