ಜೀರುಂಡೆಗಳು ಸುಮ್ಮನಾದ ಹೊತ್ತು

[ಪರದೆ ಪೂರ್ತಿ ಕಪ್ಪು. ಜೀರುಂಡೆಗಳ ಸದ್ದು ಮಾತ್ರ. ಆರು ಸೆಕೆಂಡಿನ ನಂತರ ಸದ್ದು ಒಮ್ಮೆಗೇ ನಿಲ್ಲಬೇಕು. ಎರಡು ಸೆಕೆಂಡು ಏನೂ ಇರಬಾರದು.]

ನಿರೂಪಣೆ:

ನಮಸ್ಕಾರ. ಇಷ್ಟು ಹೊತ್ತು ಕೇಳುತ್ತಿದ್ದು ಈಗ ಥಟ್ಟನೆ ಇಲ್ಲವಾದ ಸದ್ದೇ ಇವತ್ತಿನ ವಿಡಿಯೋದ ವಿಷಯ. ಇಟಲಿಯ ನಿರ್ದೇಶಕ ಸೆರ್ಜಿಯೋ ಲಿಯೋನೆ 1968ರಲ್ಲಿ ತೆರೆಗೆ ತಂದ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ ಒಂದು ಸೇಡಿನ ಕಥೆ. ಚಿತ್ರದ ಕೊನೆಯನ್ನೂ ನಾನಿಲ್ಲಿ ಹೇಳಲಿದ್ದೇನೆ; ಮಗುವಿನ ಕೊಲೆಯ ಪ್ರಸ್ತಾಪವೂ ಬರುತ್ತದೆ. ಬೇಡವೆನಿಸಿದರೆ ಇಲ್ಲಿಗೇ ನಿಲ್ಲಿಸಿ, ಚಿತ್ರ ನೋಡಿ ಬನ್ನಿ.

ಎರಡೂಮುಕ್ಕಾಲು ಗಂಟೆಯ ಈ ಚಿತ್ರದಲ್ಲಿ ರಕ್ತ ಕಾಣಿಸುವುದು ಬಹಳ ಕಡಿಮೆ. ಆದರೂ ಅದರ ಕೆಲವು ದೃಶ್ಯಗಳು ನೋಡಿದವರ ಎದೆಯಲ್ಲಿ ವರ್ಷಗಟ್ಟಲೆ ಕೂತುಬಿಡುತ್ತವೆ. ಹೆದರಿಸುವ ಕೆಲಸವನ್ನು ಲಿಯೋನೆ ಕಣ್ಣಿಗಿಂತ ಹೆಚ್ಚಾಗಿ ಕಿವಿಗೆ ಒಪ್ಪಿಸಿದ್ದರಿಂದಲೇ ಹೀಗಾಗಿದೆ ಎಂಬುದು ನನ್ನ ವಾದ. ಕಥೆ ಹೆಣೆಯುವಾಗ ಅವರ ಜೊತೆಗಿದ್ದವರಲ್ಲಿ ಡಾರಿಯೋ ಅರ್ಜೆಂಟೋ ಒಬ್ಬರು. ಅವರು ಮುಂದೆ ಭಯಾನಕ ಚಿತ್ರಗಳಿಂದಲೇ ಹೆಸರಾದದ್ದು ಕಾಕತಾಳೀಯವಲ್ಲವೇನೋ.

[ದೃಶ್ಯ: ಮರದ ಹಲಗೆಗಳ ರೈಲು ನಿಲ್ದಾಣ. ಹಿನ್ನೆಲೆ ಸಂಗೀತ ಹಾಕಬೇಡಿ.]

ಚಿತ್ರ ಶುರುವಾಗುವುದೇ ಕಾಯುವಿಕೆಯಿಂದ. ಉದ್ದನೆಯ ಕೋಟು ತೊಟ್ಟ ಮೂವರು ಬಂದೂಕುಧಾರಿಗಳು ನಿಲ್ದಾಣವೊಂದರಲ್ಲಿ ರೈಲಿಗಾಗಿ ಕಾದಿರುತ್ತಾರೆ. ಎಣ್ಣೆ ಕಾಣದ ಗಾಳಿಯಂತ್ರ ಕಿರ್ರೆನ್ನುತ್ತಿರುತ್ತದೆ. ಒಬ್ಬನ ಟೋಪಿಯ ಮೇಲೆ ನೀರಿನ ಹನಿ ತೊಟ್ಟಿಕ್ಕುತ್ತದೆ, ಇನ್ನೊಬ್ಬ ಬೆರಳಿನ ನೆಟಿಕೆ ಮುರಿಯುತ್ತಾನೆ, ಮೂರನೆಯವನ ಮುಖದ ಮೇಲೆ ನೊಣವೊಂದು ಓಡಾಡುತ್ತದೆ. ಅವನು ಅದನ್ನು ಕೊಲ್ಲುವುದಿಲ್ಲ. ಪಿಸ್ತೂಲಿನ ನಳಿಗೆಯೊಳಗೆ ಸಿಕ್ಕಿಸಿ, ನಳಿಗೆಯ ಬಾಯಿಗೆ ಬೆರಳು ಒತ್ತಿ, ನೊಣದ ಗುಂಯ್‌ಗುಡುವಿಕೆಯನ್ನು ಕಿವಿಗಿಟ್ಟುಕೊಂಡು ಸುಖಪಡುತ್ತಾನೆ. ಸಂಗೀತವೇ ಇಲ್ಲದ ಈ ಹತ್ತು ನಿಮಿಷಗಳ ನಂತರ ಮೌತ್ ಆರ್ಗನ್ ನುಡಿಸುವ ಅಪರಿಚಿತನೊಬ್ಬ ರೈಲಿನಿಂದಿಳಿಯುತ್ತಾನೆ. ನಮಗೊಂದು ಕುದುರೆ ಕಡಿಮೆ ಬಿತ್ತು ಎಂದು ಅವರು ನಗುತ್ತಾರೆ. ನೀವು ತಂದಿರುವುದರಲ್ಲಿ ಎರಡು ಹೆಚ್ಚಾದವು ಎಂದು ಅವನು ಹೇಳುತ್ತಾನೆ. ಮುಂದಿನದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ.

ಕಾಯುವುದು ದೀರ್ಘ, ಸಾಯುವುದು ಕ್ಷಣಿಕ. ಈ ಲೆಕ್ಕವನ್ನು ಚಿತ್ರ ಕೊನೆಯವರೆಗೂ ಬಿಡುವುದಿಲ್ಲ.

[ದೃಶ್ಯ: ಮರುಭೂಮಿಯ ನಡುವಿನ ಒಂಟಿ ಮನೆ, ಅಂಗಳದಲ್ಲಿ ಊಟದ ಮೇಜುಗಳು.]

ಈಗ ಸ್ವೀಟ್‌ವಾಟರ್ ಎಂಬ ಆ ಜಾಗಕ್ಕೆ ಬರೋಣ. ಮಡದಿ ತೀರಿಕೊಂಡ ಬ್ರೆಟ್ ಮೆಕ್‌ಬೇನ್ ಎಂಬ ರೈತನ ಮನೆಯಲ್ಲಿ ಅಂದು ಸಂಭ್ರಮ. ಹೊಸ ಹೆಂಡತಿ ಜಿಲ್ ರೈಲಿನಲ್ಲಿ ಬರುವವಳಿದ್ದಾಳೆ. ಮಗಳು ಮೊರೀನ್ ಹಾಡು ಗುನುಗುತ್ತಾ ಮೇಜು ಸಿದ್ಧಪಡಿಸುತ್ತಿದ್ದಾಳೆ. ಇದ್ದಕ್ಕಿದ್ದಂತೆ ಜೀರುಂಡೆಗಳು ಸುಮ್ಮನಾಗುತ್ತವೆ. ಅಪ್ಪ ತಲೆಯೆತ್ತಿ ಪೊದೆಗಳತ್ತ ನೋಡುತ್ತಾನೆ. ಸದ್ದು ಮತ್ತೆ ಶುರುವಾಗುತ್ತದೆ, ಅವನೂ ಕೆಲಸಕ್ಕೆ ಮರಳುತ್ತಾನೆ. ನಮ್ಮ ಹಳ್ಳಿಯ ಕಡೆ ಹೊಲದಲ್ಲಿ ರಾತ್ರಿ ಕಾವಲು ಮಲಗಿದವರಿಗೆ ಈ ಮೌನದ ಅರ್ಥ ಹೇಳಿಕೊಡಬೇಕಾಗಿಲ್ಲ: ಹುಳಹುಪ್ಪಟೆ ಸುಮ್ಮನಾಯಿತೆಂದರೆ ಅಲ್ಲಿ ಯಾರೋ ನಡೆದಾಡಿದ್ದಾರೆ. ಮತ್ತೊಮ್ಮೆ ಮೌನ. ಹಕ್ಕಿಗಳು ಪೊದೆಯಿಂದ ಪುರ್ರನೆ ಏಳುತ್ತವೆ, ಮೊರೀನ್ ನಗುತ್ತಾ ಅವನ್ನೇ ನೋಡುತ್ತಾಳೆ. ಗುಂಡಿನ ಸದ್ದು ಕೇಳಿಸಿದಾಗಲೂ ಅಪ್ಪನಿಗೆ ಅರೆಕ್ಷಣ ಏನೂ ತಿಳಿಯುವುದಿಲ್ಲ. ಅವಳು ಕುಸಿಯುವುದನ್ನು ಕಂಡು ಹೆಸರು ಕೂಗುತ್ತಾ ಓಡುವವನೂ ಬೀಳುತ್ತಾನೆ, ಹಿರಿಯ ಮಗನೂ ಬೀಳುತ್ತಾನೆ.

ಕೊನೆಯ ಮಗ ಟಿಮ್ಮಿ ಮನೆಯೊಳಗಿನಿಂದ ಓಡಿಬಂದು ನಿಲ್ಲುತ್ತಾನೆ. ಅಲ್ಲಿಯವರೆಗೆ ತಡೆದು ನಿಂತಿದ್ದ ಎನ್ನಿಯೋ ಮೊರಿಕೋನೆಯವರ ಸಂಗೀತ ಕರ್ಕಶ ಗಿಟಾರಿನೊಂದಿಗೆ ಸಿಡಿಯುವುದು ಆ ಮಗುವಿನ ಮುಖದ ಮೇಲೆಯೇ. ಪೊದೆಗಳಿಂದ ಉದ್ದ ಕೋಟಿನವರು ಒಬ್ಬೊಬ್ಬರಾಗಿ, ಸ್ವಲ್ಪವೂ ಆತುರವಿಲ್ಲದೆ ನಡೆದು ಬರುತ್ತಾರೆ. ಕ್ಯಾಮೆರಾ ಆ ಗುಂಪಿನ ನಾಯಕನ ಬೆನ್ನ ಹಿಂದಿನಿಂದ ಸುತ್ತಿ ಬಂದು ಅವನ ಮುಖ ತೋರಿಸುತ್ತದೆ. ತಿಳಿನೀಲಿ ಕಣ್ಣು, ಶಾಂತವಾದ ಮುಖ. ಅದು ಹೆನ್ರಿ ಫೋಂಡಾ.

[ಇಲ್ಲಿ ಫೋಂಡಾ ಅವರ ಹಳೆಯ ಚಿತ್ರಗಳ ಎರಡು ಸ್ಥಿರಚಿತ್ರಗಳು.]

ಈ ಹೆಸರಿನ ತೂಕವನ್ನು ಇಂದಿನ ಪ್ರೇಕ್ಷಕರಿಗೆ ವಿವರಿಸಲೇಬೇಕು. 1939ರಲ್ಲಿ ತರುಣ ಲಿಂಕನ್ನನಾಗಿ, 1957ರಲ್ಲಿ ಒಬ್ಬ ಹುಡುಗನನ್ನು ಮರಣದಂಡನೆಯಿಂದ ಉಳಿಸಲು ಹನ್ನೊಂದು ಮಂದಿಯ ಎದುರು ನಿಂತ ನ್ಯಾಯದರ್ಶಿಯಾಗಿ ಕಾಣಿಸಿಕೊಂಡ ಫೋಂಡಾ, ಅಮೆರಿಕದ ಪಾಲಿಗೆ ಸಜ್ಜನಿಕೆಯ ಮುಖವಾಗಿದ್ದರು. ಖಳನ ಪಾತ್ರವೆಂದು ಅವರು ಮೀಸೆ ಬಿಟ್ಟು, ಕಂದು ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಬಂದರೆ, ಲಿಯೋನೆ ಎರಡನ್ನೂ ತೆಗೆಸಿದರು. ಅವರಿಗೆ ಬೇಕಿದ್ದದ್ದು ಆ ನೀಲಿ ಕಣ್ಣುಗಳೇ. ಗುಂಪಿನವನೊಬ್ಬ ಕೇಳುತ್ತಾನೆ: ಇವನನ್ನೇನು ಮಾಡೋಣ, ಫ್ರಾಂಕ್? ಫ್ರಾಂಕ್ ಉಗುಳುತ್ತಾನೆ. ನೀನು ನನ್ನ ಹೆಸರು ಹಿಡಿದು ಕರೆದ ಮೇಲೆ, ಎಂದು ಹೇಳಿ ಮಗುವನ್ನು ನೋಡಿ ನಗುತ್ತಾನೆ. ಆ ನಗುವಿನಲ್ಲಿ ಕ್ರೌರ್ಯದ ಸುಳಿವೂ ಇಲ್ಲ, ಅಜ್ಜ ಮೊಮ್ಮಗನಿಗೆ ನಕ್ಕಂತಿದೆ. ಪಿಸ್ತೂಲು ಸಿಡಿಯುತ್ತಿದ್ದಂತೆ ಆ ಸದ್ದು ರೈಲಿನ ಕೂಗಾಗಿ ಮಾರ್ಪಡುತ್ತದೆ. ಮಗು ಬಿದ್ದದ್ದನ್ನು ನಾವು ನೋಡುವುದೇ ಇಲ್ಲ.

[ದೃಶ್ಯ: ರಾಮದೇವರ ಬೆಟ್ಟದ ಬಂಡೆಗಳು.]

ಎಲ್ಲೋ ನೋಡಿದ್ದೇವೆ ಅನ್ನಿಸಿತೇ? 1975ರ ‘ಶೋಲೆ’ಯಲ್ಲಿ ಗಬ್ಬರ್ ಠಾಕೂರನ ಮನೆಯವರನ್ನು ಕೊಲ್ಲುವ ದೃಶ್ಯ ಈ ಸ್ವೀಟ್‌ವಾಟರ್ ದೃಶ್ಯದ ನೇರ ವಾರಸುದಾರ, ಮತ್ತು ಆ ಕೊಲೆ ನಡೆದ ರಾಮಗಢ ನಮ್ಮ ರಾಮನಗರವೇ. ಈಗ ರಣಹದ್ದುಗಳ ಧಾಮವಾಗಿರುವ ಬೆಟ್ಟದ ಬುಡದಲ್ಲಿ 1973ರಲ್ಲಿ ಚಿತ್ರೀಕರಣ ಆರಂಭವಾಯಿತು. ರಮೇಶ್ ಸಿಪ್ಪಿ ತಮ್ಮದೇ ಆದ ಒಂದು ಉಪಾಯ ಸೇರಿಸಿದರು: ಗುಂಡು ತಗುಲಿದವರು ಬೀಳುವಾಗ ಚಿತ್ರ ಒಂದು ಕ್ಷಣ ಹಾಗೇ ಸ್ತಬ್ಧವಾಗುತ್ತದೆ. ಕೊನೆಗೆ ಉಳಿದ ಮಗುವಿನ ಸಾವನ್ನು ಮಾತ್ರ ಇಲ್ಲಿಯೂ ತೋರಿಸದೆ, ದೃಶ್ಯ ರೈಲಿಗೆ ಹಾರುತ್ತದೆ. ನಳಿಗೆಯೊಳಗಿನ ಆ ನೊಣಕ್ಕೂ, ಗಬ್ಬರ್ ತೋಳಿನ ಮೇಲೆ ಹರಿದಾಡುವ ಇರುವೆಗೂ ನೆಂಟಸ್ತಿಕೆ ಇದೆಯೆಂದು ನನಗನ್ನಿಸುತ್ತದೆ, ಆದರೆ ಗಬ್ಬರ್ ಇರುವೆಯನ್ನು ಹೊಸಕುತ್ತಾನೆ.

ಫ್ರಾಂಕ್‌ನ ಮಿಕ್ಕ ಕೊಲೆಗಳನ್ನು ಬೇಗ ಹೇಳಿಬಿಡುತ್ತೇನೆ. ಸೊಂಟಕ್ಕೆ ಬೆಲ್ಟು, ಹೆಗಲಿಗೆ ಪಟ್ಟಿ ಎರಡನ್ನೂ ಹಾಕಿಕೊಂಡವನನ್ನು, ತನ್ನ ಪ್ಯಾಂಟನ್ನೇ ನಂಬದವನನ್ನು ನಾನು ಹೇಗೆ ನಂಬಲಿ ಎಂದು ಹಾಸ್ಯ ಮಾಡಿ ಕೊಲ್ಲುತ್ತಾನೆ. ಮೂಳೆಯ ಕ್ಷಯದಿಂದ ನರಳುವ ರೈಲು ಕಂಪನಿಯ ಧಣಿ ಮಾರ್ಟನ್‌ಗೆ ಗುಂಡಿನ ಕೃಪೆಯೂ ಸಿಗುವುದಿಲ್ಲ. ಸಮುದ್ರ ನೋಡಬೇಕೆಂದು ಹಂಬಲಿಸಿದ ಆತ ಕೊಚ್ಚೆಗುಂಡಿಯೊಂದರತ್ತ ತೆವಳುವಾಗ ನಮಗೆ ಅಲೆಗಳ ಸದ್ದು ಕೇಳಿಸುತ್ತದೆ, ಫ್ರಾಂಕ್ ನೋಡುತ್ತಾ ನಿಂತು ಹೊರಟುಹೋಗುತ್ತಾನೆ. ಇವುಗಳ ನಡುವೆ ಜಿಲ್ ಇದ್ದಾಳೆ. ತನ್ನ ಹೊಸ ಗಂಡನ ಮನೆಯವರನ್ನೆಲ್ಲ ಕೊಂದವನ ಹಾಸಿಗೆಯಲ್ಲಿ, ಜೀವ ಉಳಿಸಿಕೊಳ್ಳಲೆಂದು ಅವಳು ಅವನಿಗೆ ಒಲಿದಂತೆ ನಟಿಸಬೇಕಾಗುತ್ತದೆ. ಕ್ಲಾಡಿಯಾ ಕಾರ್ಡಿನಾಲೆ ಕಣ್ಣಲ್ಲೇ ಆ ಹೇಸಿಗೆಯನ್ನು ತೋರಿಸಿದ್ದಾರೆ, ಆದರೆ ಕ್ಯಾಮೆರಾಕ್ಕೆ ಅವಳ ಭಯಕ್ಕಿಂತ ಅವಳ ಚೆಲುವಿನ ಮೇಲೆಯೇ ಹೆಚ್ಚು ಗಮನ. ಚಿತ್ರವನ್ನು ಎಷ್ಟೇ ಮೆಚ್ಚಿದರೂ ಆ ದೃಶ್ಯವನ್ನು ನಾನು ಸಮರ್ಥಿಸಲಾರೆ.

[ದೃಶ್ಯ: ದೂರದಿಂದ ನಡೆದು ಬರುವ ಮಸುಕು ಆಕೃತಿ. ಮೌತ್ ಆರ್ಗನ್ ಸಣ್ಣಗೆ.]

ಚಾರ್ಲ್ಸ್ ಬ್ರಾನ್ಸನ್ ಮಾಡಿದ ಆ ಅಪರಿಚಿತನನ್ನು ಎಲ್ಲರೂ ಹಾರ್ಮೋನಿಕಾ ಎಂದೇ ಕರೆಯುತ್ತಾರೆ. ನೀನು ಯಾರೆಂದು ಫ್ರಾಂಕ್ ಕೇಳಿದಾಗಲೆಲ್ಲ ಅವನು ಫ್ರಾಂಕ್ ಕೊಂದವರ ಹೆಸರುಗಳನ್ನು ಹೇಳುತ್ತಾನೆ. ಉತ್ತರ ಸಿಗುವುದು ಕೊನೆಯ ಕಾಳಗದಲ್ಲಿ, ಇಬ್ಬರೂ ಕದಲದೆ ನಿಂತಿರುವಾಗ. ಈವರೆಗೆ ಮಸುಕಾಗಿದ್ದ ಆಕೃತಿ ಸ್ಪಷ್ಟವಾಗಿ ತರುಣ ಫ್ರಾಂಕ್ ಆಗುತ್ತದೆ. ಬಯಲಿನಲ್ಲಿ ಇಟ್ಟಿಗೆಯ ಕಮಾನು, ಅದರಿಂದ ಇಳಿಬಿಟ್ಟ ಹಗ್ಗ, ಕೊರಳಿಗೆ ಕುಣಿಕೆ ಬಿಗಿದ ಅಣ್ಣ ನಿಂತಿರುವುದು ತಮ್ಮನ ಹೆಗಲ ಮೇಲೆ. ಫ್ರಾಂಕ್ ಜೇಬಿನಿಂದ ಮೌತ್ ಆರ್ಗನ್ ತೆಗೆದು ಹುಡುಗನ ಬಾಯಿಗೆ ತುರುಕುತ್ತಾನೆ, ಅಣ್ಣನಿಗೆ ಹಾಡು ಕೇಳಿಸು ಎನ್ನುವಂತೆ. ಹುಡುಗ ಅದನ್ನು ನುಡಿಸುವುದಿಲ್ಲ. ಭಾರ ಹೊತ್ತವನ ಏದುಸಿರೇ ಅದರೊಳಗೆ ಸ್ವರವಾಗುತ್ತದೆ. ಚಿತ್ರದುದ್ದಕ್ಕೂ ನಾವು ರಾಗವೆಂದುಕೊಂಡು ಕೇಳಿದ್ದು ಆ ಏದುಸಿರನ್ನು. ಮೊರಿಕೋನೆ ಈ ಸಂಗೀತವನ್ನು ಚಿತ್ರೀಕರಣಕ್ಕೆ ಮೊದಲೇ ರಚಿಸಿದ್ದರು, ಸೆಟ್ಟಿನಲ್ಲಿ ನಟರು ಅದನ್ನು ಕೇಳುತ್ತಲೇ ಅಭಿನಯಿಸಿದರು. ಕೊನೆಗೆ ಅಣ್ಣನೇ ತಮ್ಮನನ್ನು ಒದ್ದು ದೂಡುತ್ತಾನೆ. ಹುಡುಗ ಮಣ್ಣಿಗೆ ಮುಖವಿಟ್ಟು ಬೀಳುತ್ತಾನೆ, ಅವನ ಬಾಯಿಂದ ಮೌತ್ ಆರ್ಗನ್ ಜಾರುತ್ತದೆ.

ಗುಂಡು ಒಂದೇ. ಎದೆಗೆ ಪೆಟ್ಟು ಬಿದ್ದ ಫ್ರಾಂಕ್ ತತ್ತರಿಸುತ್ತಾ ಮಂಡಿಯೂರಿ, ಯಾರು ನೀನು ಎಂದು ಮತ್ತೆ ಕೇಳುತ್ತಾನೆ. ಹಾರ್ಮೋನಿಕಾ ಕೊರಳಿನ ದಾರ ಕಿತ್ತು, ಅದೇ ಮೌತ್ ಆರ್ಗನ್ನನ್ನು ಅವನ ಹಲ್ಲುಗಳ ನಡುವೆ ಇಡುತ್ತಾನೆ. ಸಾಯುವವನ ಉಸಿರು ಅದರಲ್ಲಿ ಕೀರಲಾಗಿ ಎರಡು ಬಾರಿ ನುಡಿಯುತ್ತದೆ. ಫ್ರಾಂಕ್‌ಗೆ ನೆನಪಾಗುತ್ತದೆ. ತಲೆಯಾಡಿಸುತ್ತಾನೆ, ಮಗ್ಗುಲಿಗೆ ಉರುಳುತ್ತಾನೆ.

[ಮೌತ್ ಆರ್ಗನ್ ಮಣ್ಣಿಗೆ ಬೀಳುವವರೆಗೆ ಮಾತು ಬೇಡ.]